ಕಡ್ಡಿಯಾದ ಬಾಲ

ಮನೆಗೋಡೆಯ ಹಲ್ಲಿಯ ಬಾಲದ ಬಗ್ಗೆ ನಮಗೆ ಗೊತ್ತಿರುವುದು ಒಂದೇ ಸಂಗತಿ: ಹಿಡಿಯಹೋದರೆ ಅದನ್ನು ಕಳಚಿಟ್ಟು ಓಡುತ್ತದೆ. ಅದರ ದೂರದ ನೆಂಟ ಲೆಪರ್ಡ್ ಗೆಕೊಗೂ ಆ ವಿದ್ಯೆ ಗೊತ್ತು. ಆದರೆ ಅದಕ್ಕೆ ಬಾಲವೆಂದರೆ ಕಣಜವೂ ಹೌದು. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲದ ಈ ಚುಕ್ಕೆಹಲ್ಲಿ, ಹುಳ ಸಿಕ್ಕ ಕಾಲದಲ್ಲಿ ತಿಂದದ್ದನ್ನು ಬಾಲದಲ್ಲಿ ಕೊಬ್ಬಾಗಿ ತುಂಬಿಟ್ಟುಕೊಂಡು, ಸಿಗದ ಕಾಲವನ್ನು ಅದರಲ್ಲೇ ದೂಡುತ್ತದೆ. ಚೆನ್ನಾಗಿ ಉಂಡ ಗೆಕೊದ ಬಾಲ ಮೂಲಂಗಿಯಂತೆ ದಪ್ಪಗಿರುತ್ತದೆ. ಕಣ್ಣಿಗೆ ರೆಪ್ಪೆಯುಂಟು, ಕಾಲಿಗೆ ಗೋಡೆ ಹತ್ತುವ ಅಂಟುಮೆತ್ತೆ ಇಲ್ಲ, ಸಾಕಿದರೆ ಹದಿನೈದಿಪ್ಪತ್ತು ವರ್ಷ ಬಾಳುತ್ತದೆ. ಅಮೆರಿಕ, ಯುರೋಪಿನ ಹವ್ಯಾಸಿಗಳು ಇದನ್ನು ನೂರಾರು ಸಂಖ್ಯೆಯಲ್ಲಿ, ಮೇಜಿನ ಖಾನೆಗಳಂತೆ ಒಂದರ ಮೇಲೊಂದು ಜೋಡಿಸಿದ ಪೆಟ್ಟಿಗೆಗಳಲ್ಲಿ ಸಾಕಿ ಮರಿ ಮಾಡಿಸುತ್ತಾರೆ.

ಅಂಥ ಸಾಲಿನಲ್ಲಿ ಒಂದು ದಿನ ಒಂದು ಬಾಲ ಸೊರಗತೊಡಗುತ್ತದೆ. ಗೆಕೊ ತಿಂದದ್ದನ್ನು ಕಕ್ಕುತ್ತದೆ, ಹಿಕ್ಕೆ ನೀರಾಗುತ್ತದೆ, ಅದರಲ್ಲಿ ಜೀರ್ಣವಾಗದ ಹುಳದ ಚೂರುಗಳು ಕಾಣುತ್ತವೆ. ಕೆಲವು ವಾರಗಳಲ್ಲಿ ಬಾಲ ಒಣಕಡ್ಡಿ. ಸಾಕುವವರು ಇದನ್ನು ‘ಸ್ಟಿಕ್ ಟೇಲ್’ ಎನ್ನುತ್ತಾರೆ. ಕಡ್ಡಿಬಾಲ ತಾನೇ ಒಂದು ರೋಗವಲ್ಲ. ಜಂತುಹುಳದಿಂದಲೂ ಆಗಬಹುದು, ಪೆಟ್ಟಿಗೆಯಲ್ಲಿ ಸಾಕಷ್ಟು ಬಿಸಿ ಇಲ್ಲದೆಯೂ ಆಗಬಹುದು. ಆದರೆ ಎಲ್ಲರೂ ಹೆದರುವುದು ಒಂದೇ ಹೆಸರಿಗೆ: ಕ್ರಿಪ್ಟೊಸ್ಪೊರಿಡಿಯಂ.

ಈ ಏಕಕೋಶಿ ಪರಾವಲಂಬಿಯನ್ನು 1907ರಲ್ಲಿ ಇಲಿಯ ಜಠರದಲ್ಲಿ ಮೊದಲು ಗುರುತಿಸಿದವರು ಅಮೆರಿಕದ ಅರ್ನೆಸ್ಟ್ ಟೈಜರ್. ಬಹುಕಾಲ ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. 1993ರಲ್ಲಿ ಮಿಲ್ವಾಕೀ ನಗರದ ನಲ್ಲಿನೀರಿಗೆ ಸೇರಿಕೊಂಡು ಸುಮಾರು 4 ಲಕ್ಷ ಜನರಿಗೆ ಭೇದಿ ತಂದಾಗ ಊರೆಲ್ಲ ಅದರ ಹೆಸರು ಕಲಿಯಿತು. ಆ ನೀರಿಗೆ ಕ್ಲೋರಿನ್ ಹಾಕಿರಲಿಲ್ಲವೆಂದಲ್ಲ. ಹಾಕಿದ್ದರು, ಈ ಜೀವಿ ಅದಕ್ಕೆ ಜಗ್ಗಲಿಲ್ಲ. ಮನುಷ್ಯರನ್ನು ಕಾಡುವ ಪ್ರಭೇದ ಬೇರೆ, ಹಾವಿನ ಜಠರವನ್ನು ಕೆಡಿಸುವ ಸರ್ಪೆಂಟಿಸ್ ಬೇರೆ. ಗೆಕೊಗಳ ಕರುಳಿಗೆ ಅಂಟುವುದು ವರಾನಿ ಎಂಬ ಪ್ರಭೇದ.

ಅದರ ಗುಟ್ಟೆಲ್ಲ ಇರುವುದು ಚಿಪ್ಪಿನಲ್ಲಿ. ರೋಗಿಯ ಹಿಕ್ಕೆಯೊಡನೆ ಹೊರಬೀಳುವುದು ಊಸಿಸ್ಟ್ ಎಂಬ ಗಟ್ಟಿ ಗೋಡೆಯ ಕಣ. ಗಾತ್ರ 4–5 ಮೈಕ್ರಾನ್, ಅಂದರೆ ನಮ್ಮ ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದು. ಒಳಗೆ ನಾಲ್ಕು ಮರಿಜೀವಿಗಳು ಸಿದ್ಧವಾಗಿ ಕೂತಿರುತ್ತವೆ. ಹೊರಗೆ ಬಲಿಯಬೇಕೆಂಬ ಕಾಯುವಿಕೆ ಇಲ್ಲ, ಬಿದ್ದ ಗಳಿಗೆಯಿಂದಲೇ ಅಂಟುತ್ತದೆ. ಇನ್ನೊಂದು ಬಗೆಯ ಊಸಿಸ್ಟ್‌ಗಳ ಗೋಡೆ ತೆಳು. ಅವು ಕರುಳಿನಲ್ಲೇ ಒಡೆದು ಅದೇ ಪ್ರಾಣಿಗೆ ಮತ್ತೆ ಮತ್ತೆ ಸೋಂಕು ಹತ್ತಿಸುತ್ತವೆ. ಹೊರಗಿನಿಂದ ಹೊಸದೇನೂ ಒಳಗೆ ಹೋಗದಿದ್ದರೂ ರೋಗ ಬೆಳೆಯುವುದು ಹೀಗೆ.

ಆದ್ದರಿಂದ ಬ್ಲೀಚ್ ಹಾಕಿ ಪೆಟ್ಟಿಗೆ ಉಜ್ಜುವುದು ಮನಸ್ಸಮಾಧಾನಕ್ಕೆ ಮಾತ್ರ. ಸ್ಯಾನಿಟೈಸರ್ ಕಥೆಯೂ ಅಷ್ಟೆ. ಈ ಕಣ ಸೋಲುವುದು ಬಿಸಿಗೆ ಮತ್ತು ಒಣಗುವಿಕೆಗೆ. ಕುದಿಯುವ ನೀರು, ಹಬೆ, ಆಮೇಲೆ ಚೆನ್ನಾಗಿ ಒಣಗಿಸುವುದು. ಇಷ್ಟೇ ನಂಬಬಹುದಾದ ಉಪಾಯ. ಅಮೋನಿಯಾವೂ ಕೆಲಸ ಮಾಡುತ್ತದೆ, ಆದರೆ ಬ್ಲೀಚ್ ಜತೆ ಬೆರೆತರೆ ವಿಷಾನಿಲ ಎದ್ದು ಸಾಕುವವನಿಗೇ ಕಂಟಕ. ಮರದ ಕೊಂಬೆ, ತೆಂಗಿನ ನಾರು, ಬಿರುಕುಬಿಟ್ಟ ಬಟ್ಟಲುಗಳನ್ನು ಉಳಿಸಿಕೊಳ್ಳುವ ಆಸೆ ಬೇಡ, ಎಸೆಯುವುದೇ ಸರಿ. ಕೈಗೆ ಸೋಪು ಮತ್ತು ಹರಿಯುವ ನೀರು. ಅದು ಊಸಿಸ್ಟನ್ನು ಕೊಲ್ಲುವುದಿಲ್ಲ, ತೊಳೆದು ಕಳಿಸುತ್ತದೆ.

ಪೆಟ್ಟಿಗೆಯಿಂದ ಪೆಟ್ಟಿಗೆಗೆ ಇದನ್ನು ಸಾಗಿಸುವವನು ಹೆಚ್ಚಾಗಿ ಸಾಕುವವನೇ. ಹುಳ ಹಿಡಿದುಕೊಡುವ ಒಂದೇ ಚಿಮಟ ಇಡೀ ಸಾಲಿಗೆ ಓಡಾಡುತ್ತದೆ. ಅದಕ್ಕಿಂತ ಚಾಲಾಕಿ ವಾಹನ ಇನ್ನೊಂದಿದೆ: ರಾತ್ರಿ ಕಿರ್ರೆನ್ನುವ ಕ್ರಿಕೆಟ್ ಹುಳ. ಗೆಕೊ ತಿನ್ನದೆ ಬಿಟ್ಟ ಹುಳ ಮೂಲೆಯ ಹಿಕ್ಕೆ ಮೆದ್ದು, ಸಂದಿಯಿಂದ ನುಸುಳಿ, ಪಕ್ಕದ ಪೆಟ್ಟಿಗೆಯ ಗೆಕೊದ ಬಾಯಿಗೆ ಬೀಳುತ್ತದೆ. ಮಿಕ್ಕ ಹುಳಗಳನ್ನು ಮರಳಿ ಡಬ್ಬಿಗೆ ಸುರಿಯುವ ಮಿತವ್ಯಯಿಗಳಂತೂ ಎಲ್ಲ ಪೆಟ್ಟಿಗೆಗೂ ಸಮನಾಗಿ ಹಂಚಿದಂತೆ.

ಪತ್ತೆ ಹಚ್ಚುವುದೂ ಸಲೀಸಲ್ಲ. ಕ್ಷಯದ ಕಫ ಪರೀಕ್ಷೆಗೆ ಬಳಸುವಂಥದೇ ಬಣ್ಣ ಹಾಕಿ ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಊಸಿಸ್ಟ್‌ಗಳು ಕೆಂಪು ಚುಕ್ಕೆಗಳಾಗಿ ತೋರುತ್ತವೆ. ಅವು ದಿನವೂ ಬೀಳುವುದಿಲ್ಲ. ಇವತ್ತು ಶುದ್ಧವಾಗಿದ್ದ ಹಿಕ್ಕೆಯಲ್ಲಿ ಮುಂದಿನ ತಿಂಗಳು ಸೋಂಕು ಸಿಗಬಹುದು. ಇದಕ್ಕೆ ಪಿಸಿಆರ್ ಪರೀಕ್ಷೆಯೂ ಹೊರತಲ್ಲ, ಒಂದೇ ಸಲಕ್ಕೆ ನಿಲ್ಲಿಸುವಂತಿಲ್ಲ. ತಿರುಗುಮುರುಗು ಎಡವಟ್ಟೂ ಉಂಟು: ಗೆಕೊ ಇಲಿಮರಿ ತಿಂದಿದ್ದರೆ ಇಲಿಯ ಕ್ರಿಪ್ಟೊಸ್ಪೊರಿಡಿಯಂ ಸುಮ್ಮನೆ ಕರುಳಿನಲ್ಲಿ ಹಾದುಬಂದು, ಇಲ್ಲದ ರೋಗವನ್ನು ತೋರಿಸುತ್ತದೆ. ಯಾವ ಪ್ರಭೇದ ಎಂದು ಖಚಿತವಾಗದೆ ಪ್ರಾಣಿಯ ಹಣೆಬರಹ ಬರೆಯುವುದು ಅನ್ಯಾಯ.

ಔಷಧ? ಪ್ಯಾರೊಮೊಮೈಸಿನ್ ಕೊಟ್ಟರೆ ಕೆಲವು ಗೆಕೊಗಳು ಮತ್ತೆ ತಿನ್ನತೊಡಗುತ್ತವೆ, ಹಿಕ್ಕೆಯಲ್ಲಿ ಊಸಿಸ್ಟ್ ಇಳಿಯುತ್ತದೆ. ಔಷಧ ನಿಲ್ಲಿಸಿದರೆ ರೋಗ ಮರಳಬಹುದು. ಸೋಂಕು ಪೂರ್ತಿ ಹೋಯಿತೆಂದು ಭರವಸೆ ಕೊಡುವ ಮದ್ದಿಲ್ಲ. ಹಸುವಿನ ಗಿಣ್ಣುಹಾಲನ್ನೂ ವಿಜ್ಞಾನಿಗಳು ಲೆಪರ್ಡ್ ಗೆಕೊಗಳ ಮೇಲೆ ಪ್ರಯೋಗಿಸಿದ್ದುಂಟು. ಹಸುಗಳಿಗೆ ಮೊದಲೇ ಈ ಪರಾವಲಂಬಿಯ ಚುಚ್ಚುಮದ್ದು ಕೊಟ್ಟು, ಗಿಣ್ಣಿನಲ್ಲಿ ಪ್ರತಿಕಾಯ ಹೆಚ್ಚಿಸುವುದು ಅದರ ಉಪಾಯ. ಒಂದಿಷ್ಟು ಫಲ ಕಂಡರೂ ಅದು ಅಂಗಡಿಯಲ್ಲಿ ಸಿಗುವ ಚಿಕಿತ್ಸೆಯಾಗಲಿಲ್ಲ.

ಉಳಿಯುವುದು ಕ್ವಾರಂಟೈನ್. ಕೋವಿಡ್ ಕಾಲದ ಹದಿನಾಲ್ಕು ದಿನಕ್ಕೇ ನಾವು ಬೇಸತ್ತಿದ್ದೆವು. ಇಲ್ಲಿ ಕನಿಷ್ಠ ಮೂರು ತಿಂಗಳು. ಹೊಸ ಗೆಕೊ ಬೇರೆ ಕೋಣೆಯಲ್ಲಿ, ನೆಲಕ್ಕೆ ಬರೀ ಕಾಗದ, ಅದಕ್ಕೇ ಮೀಸಲಾದ ಚಿಮಟ, ಬಟ್ಟಲು. ನಡುವೆ ಹಲವು ಸಲ ಹಿಕ್ಕೆ ಪರೀಕ್ಷೆ, ತಿಂಗಳುದ್ದ ತೂಕದ ಲೆಕ್ಕ. ಮೊದಲು ಆರೋಗ್ಯವಂತರಿಗೆ ಊಟ, ಕೊನೆಗೆ ಹೊಸಬರಿಗೆ. ಅಲ್ಲಿಂದ ಆ ದಿನ ಯಾರೂ ಮರಳಿ ಸಾಲಿನತ್ತ ಹೋಗಬಾರದು.

ಸೋಂಕು ಖಚಿತವಾಗಿ ಸೊರಗಿಹೋದ ಗೆಕೊಗೆ ಪಶುವೈದ್ಯರು ದಯಾಮರಣ ಸೂಚಿಸುವುದುಂಟು. ಸೋಂಕಿದ್ದೂ ತಿಂದುಂಡು ಗಟ್ಟಿಯಾಗಿರುವಂಥವನ್ನು ಮಾರುವುದಾಗಲಿ, ದಾನ ಕೊಡುವುದಾಗಲಿ, ಮರಿ ಮಾಡಿಸುವುದಾಗಲಿ ಸಲ್ಲದು. ಅಂಥದ್ದು ಒಂಟಿಯಾಗಿ ವರ್ಷಗಟ್ಟಲೆ ಬದುಕಬಹುದು. ಆದರೆ ಅದಿರುವಷ್ಟು ಕಾಲ ಆ ಮನೆಗೆ ಎರಡನೇ ಗೆಕೊ ಬರಬಾರದು.