ಒಂದು ಟನ್ ಬೂದಿಯಲ್ಲಿ 400 ಗ್ರಾಂ

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯಲ್ಲಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಎಂಟೂ ಘಟಕ ಪೂರ್ತಿ ಓಡಿದ ದಿನ 4.13 ಕೋಟಿ ಯೂನಿಟ್ ವಿದ್ಯುತ್. ಯೂನಿಟ್‌ಗೆ 700 ಗ್ರಾಂ ಕಲ್ಲಿದ್ದಲು, ಅದರಲ್ಲಿ ಶೇ 35 ಬೂದಿ ಎಂದು ಹಿಡಿದರೆ, ಉರಿಯುವುದು 28,900 ಟನ್, ಉಳಿಯುವುದು ಸುಮಾರು 10,000 ಟನ್ ಬೂದಿ.

ಐದರಲ್ಲೊಂದು ಪಾಲು ಬಾಯ್ಲರ್ ತಳಕ್ಕೆ ಬೀಳುತ್ತದೆ. ಮಿಕ್ಕ 8,000 ಟನ್ ಹೊಗೆಯ ಜತೆ ಹೊರಡುವ ಹಾರುಬೂದಿ. ಚಿಮಣಿ ಮುಟ್ಟುವ ಮೊದಲೇ, ಸ್ಥಿರವಿದ್ಯುತ್ತಿನಿಂದ ಕಣಗಳನ್ನು ಸೆಳೆಯುವ ಇಎಸ್‌ಪಿ ಯಂತ್ರ ಅದನ್ನು ಹಿಡಿದು ಕೆಳಗಿನ ಹಾಪರ್‌ಗೆ ಉದುರಿಸುತ್ತದೆ. ಬೆರಳಲ್ಲಿ ಉಜ್ಜಿದರೆ ಮುಖದ ಪೌಡರ್‌ನಷ್ಟು ನುಣುಪು. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಗಾಜಿನ ಗುಂಡುಗಳು. ಬೂದಿಯಿಂದ ತೆಗೆಯಬಹುದಾದ ಲೋಹ ಅಡಗಿರುವುದು ಅವುಗಳೊಳಗೆ.

10,000 ಟನ್ನಿನ ಅಂದಾಜು ಲೆಕ್ಕ ಹೀಗಿದೆ:

ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್), ಶೇ 25: 2,500 ಟನ್
ಕಬ್ಬಿಣದ ಆಕ್ಸೈಡ್, ಶೇ 5: 500 ಟನ್
ವಿರಳ ಭೂಲೋಹಗಳು, ಟನ್ನಿಗೆ 400 ಗ್ರಾಂ: 4 ಟನ್

ಕಬ್ಬಿಣದ ಒಂದಿಷ್ಟು ಪಾಲು ಆಯಸ್ಕಾಂತಕ್ಕೇ ಅಂಟಿ ಬರುತ್ತದೆ, ಖರ್ಚು ಕಡಿಮೆ. ಅಲ್ಯುಮಿನಾ ಅಷ್ಟು ಸಲೀಸಲ್ಲ. ಸುಣ್ಣ ಬೆರೆಸಿ 1,000 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಡಬೇಕು. ಚೀನಾದ ಒಳ ಮಂಗೋಲಿಯಾದಲ್ಲಿ ಇದನ್ನು ಕಾರ್ಖಾನೆ ಮಟ್ಟದಲ್ಲೇ ಮಾಡಿದ್ದಾರೆ. ಆದರೆ ಅಲ್ಲಿನ ಬೂದಿಯಲ್ಲಿ ಅಲ್ಯುಮಿನಾ ಶೇ 50ರ ಸಮೀಪ, ಬಾಕ್ಸೈಟ್ ಅದಿರಿಗೆ ಸರಿಸಾಟಿ. ನಮ್ಮದು ಅದರ ಅರ್ಧ.

ವಿರಳ ಭೂಲೋಹದ ಲೆಕ್ಕ ಇನ್ನೂ ಬಿಗಿ. 400 ಗ್ರಾಂಗಾಗಿ ಇಡೀ ಟನ್ ಬೂದಿಗೆ ಆಮ್ಲ ಉಣಿಸಬೇಕು. ಸಿಗುವುದರಲ್ಲಿ ಹೆಚ್ಚು ಪಾಲು ಅಗ್ಗದ ಸೀರಿಯಂ, ಲ್ಯಾಂಥನಂ. ಆಮ್ಲದ ನೀರನ್ನು ಶುದ್ಧಗೊಳಿಸದೆ ಬಿಟ್ಟರೆ ಬೂದಿಯ ಮಾಲಿನ್ಯ ನೀರಿನ ಮಾಲಿನ್ಯವಾಗುತ್ತದೆ, ಅಷ್ಟೇ. ಮೇಲಾಗಿ, ಉಳಿದ 999 ಕಿಲೋ 600 ಗ್ರಾಂ ಎಲ್ಲಿಗೆ?

ಹಣದ ಗುಟ್ಟು ಇರುವುದು ಆ ಉಳಿಕೆಯಲ್ಲೇ. ಪೊಜೊಲಾನಾ ಸಿಮೆಂಟಿಗೆ ಶೇ 35ರವರೆಗೆ ಹಾರುಬೂದಿ ಬೆರೆಸಬಹುದು. ಇಟ್ಟಿಗೆಗೆ, ರಸ್ತೆಗೆ ಬೇರೆ. ಬೂದಿ ಹೊಂಡದಲ್ಲೇ ಬಿದ್ದಿದ್ದರೆ ಆರ್ಸೆನಿಕ್, ಸೀಸ, ಕ್ರೋಮಿಯಂ ಅಂತರ್ಜಲಕ್ಕೆ ಇಳಿಯುವ ಅಪಾಯ ತಪ್ಪಿದ್ದಲ್ಲ. ಡಿಸೆಂಬರ್ 2021ರ ಕೇಂದ್ರ ಸರ್ಕಾರದ ಅಧಿಸೂಚನೆ, ಬಳಕೆಯಾಗದ ಬೂದಿಗೆ ಟನ್ನಿಗೆ 1,000 ರೂಪಾಯಿ ಪರಿಸರ ಪರಿಹಾರ ನಿಗದಿ ಮಾಡಿದೆ.

ಹಾಗಾಗಿ ಲೋಹವೊಂದನ್ನೇ ನಂಬಿದರೆ ಲೆಕ್ಕ ಕೂಡುವುದಿಲ್ಲ. ಇಟ್ಟಿಗೆ, ಸಿಮೆಂಟಿನ ಜತೆ ಸೇರಿಸಿದರೆ ಕೂಡೀತು. 10,000 ಟನ್ ಬೂದಿಯನ್ನು ಸುಮ್ಮನೆ ಬಿಟ್ಟರೆ ಆ ದರದಲ್ಲಿ ತೆರಬೇಕಾದದ್ದು ಒಂದು ಕೋಟಿ ರೂಪಾಯಿ.