ಹುಳು ಬಿದ್ದ ತೆಂಗು ಕಡಿಯಲು ಸಹಾಯಧನ: ಕೊಡಲಿ ಎತ್ತುವ ಮೊದಲು ತಿಳಿಯತಕ್ಕದ್ದು



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಅಡಿಕೆ ತೋಟವಿದ್ದಲ್ಲಿ ಬದುವಿನ ಮೇಲೆ ನಾಲ್ಕು ತೆಂಗಿನ ಗಿಡಗಳೂ ಇರುವುದು ವಾಡಿಕೆ. ಅವುಗಳಲ್ಲೊಂದಕ್ಕೆ ಕೆಂಪು ಮೂತಿ ಹುಳು ಬಿದ್ದು ಸುಳಿ ಒಣಗಿದರೆ ರೈತನು ಅದನ್ನು ಕೂಡಲೇ ಕಡಿಸುವುದಿಲ್ಲ. ಕಾರಣ ಸೋಮಾರಿತನವಲ್ಲ, ಖರ್ಚು. ಗಿಡ ಏರುವ ಆಳು, ಗರಗಸದ ಬಾಡಿಗೆ, ಕಾಂಡ ಸಾಗಿಸುವ ಟ್ರ್ಯಾಕ್ಟರ್ ಎಲ್ಲವೂ ಕೈಯಿಂದ ಹೋಗತಕ್ಕದ್ದು. ಇತ್ತ ನಿಂತ ಗಿಡದೊಳಗೆ ಮರಿಹುಳುಗಳು ಬೆಳೆದು, ದುಂಬಿಯಾಗಿ ಹೊರಬಿದ್ದು, ನೆರೆಯವರ ಎಳೆಯ ಗಿಡಗಳನ್ನು ಸೇರುತ್ತವೆ. ಒಬ್ಬನು ಉಳಿಸಿದ ಖರ್ಚು ಹತ್ತು ಜನರ ನಷ್ಟವಾಗುತ್ತದೆ. ಆದುದರಿಂದ ಈ ಕೆಲಸಕ್ಕೆ ಸರಕಾರದ ಹಣ ಕೇಳುವುದು ದಾನ ಕೇಳಿದಂತಲ್ಲ.

ಹೊರದೇಶಗಳು ಇದನ್ನು ಒಪ್ಪಿಕೊಂಡಿವೆ. ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ 1996ರಲ್ಲಿ ಏಷ್ಯಾದಿಂದ ಬಂದ ಉದ್ದ ಮೀಸೆಯ ಕಾಂಡಕೊರಕ ದುಂಬಿ ಕಾಣಿಸಿಕೊಂಡಾಗ, ಖಾಸಗಿ ಹಿತ್ತಲಿನ ಮರಗಳನ್ನೂ ಸರಕಾರವೇ ತನ್ನ ಖರ್ಚಿನಲ್ಲಿ ಕಡಿಸಿತು. 1998ರಲ್ಲಿ ಶಿಕಾಗೋದಲ್ಲಿ ಕಂಡ ಅದೇ ಹುಳು 2008ರ ಹೊತ್ತಿಗೆ ಅಲ್ಲಿ ನಿರ್ಮೂಲವಾಯಿತು. ನಮ್ಮ ಕೆಂಪು ಮೂತಿ ಹುಳುವಾದರೋ ಈ ನೆಲದ್ದೇ. 1980ರ ದಶಕದಲ್ಲಿ ಅದು ಕೊಲ್ಲಿ ದೇಶಗಳ ಖರ್ಜೂರಕ್ಕೂ ಬಳಿಕ ಸ್ಪೇನಿಗೂ ದಾಟಿ, ಅಲ್ಲಿಯವರಿಗೆ ಪರದೇಶಿ ಪೀಡೆಯಾಯಿತು!

ನಮ್ಮಲ್ಲಿ ಗಿಡದ ಲೆಕ್ಕದಲ್ಲಿ ಹಣ ಕೊಡುವ ಏರ್ಪಾಡು ಇರುವುದು ತೆಂಗಿಗೆ. ತೆಂಗು ಅಭಿವೃದ್ಧಿ ಮಂಡಳಿಯು ತೆಂಗಿನ ತೋಟಗಳ ಮರುನಾಟಿ ಮತ್ತು ಪುನಶ್ಚೇತನ ಯೋಜನೆಯನ್ನು 2009–10ರಲ್ಲಿ ಕೇರಳದಲ್ಲಿ ಮೊದಲು ಕೈಗೊಂಡು, ತರುವಾಯ ಇತರ ರಾಜ್ಯಗಳಿಗೂ ವಿಸ್ತರಿಸಿತು. ಹಲವು ವರ್ಷ ನಡೆದುಬಂದ ಮಾರ್ಗಸೂಚಿಯ ಪ್ರಕಾರ, ರೋಗಪೀಡಿತ, ಮುದಿ ಅಥವಾ ಫಲಬಿಡದ ಗಿಡ ಕಡಿದು ತೆಗೆಯಲು ಒಂದಕ್ಕೆ 1,000 ರೂ.; ಹೆಕ್ಟೇರಿಗೆ 32 ಗಿಡಗಳ ಮಿತಿ. ಹೊಸ ಸಸಿಗೆ 40 ರೂ.ನಂತೆ ಹೆಕ್ಟೇರಿಗೆ 4,000 ರೂ. ಮೀರದಂತೆ, ಉಳಿದ ಗಿಡಗಳ ಆರೈಕೆಗೆ 17,500 ರೂ. ಎರಡು ವಾರ್ಷಿಕ ಕಂತುಗಳಲ್ಲಿ.

ಸಣ್ಣ ಹಿಡುವಳಿದಾರರು ಈ ಮಿತಿಯನ್ನು ಸರಿಯಾಗಿ ಲೆಕ್ಕ ಹಾಕಿಕೊಳ್ಳಬೇಕು. ಹೆಕ್ಟೇರಿಗೆ 32 ಎಂದರೆ ಎಕರೆಗೆ ಸುಮಾರು 13, ಇಪ್ಪತ್ತು ಗುಂಟೆಗೆ ಕೇವಲ 6. ಒಂದು ಎಕರೆಯಲ್ಲಿ 20 ಗಿಡ ಹೋದರೆ 7 ಗಿಡಗಳ ಖರ್ಚು ರೈತನ ಮೇಲೆಯೇ. ಅಲ್ಲದೆ ಯೋಜನೆ ನಡೆಯುವುದು ಆಯ್ದ ಪ್ರದೇಶದಲ್ಲಿ, ಹೊಂದಿಕೊಂಡಿರುವ ತೋಟಗಳನ್ನು ಗುಂಪು ಮಾಡಿ. ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆದರೆ ಫಲ ಕಡಿಮೆ. ಒಂದು ಕಾಲುವೆಯ ಎಡಬಲದ ತೋಟದವರು ಸಂಘದ ಮೂಲಕ ಕೂಡಿ ಕೇಳುವುದು ಲೇಸು. ಆಯಾ ವರ್ಷದ ದರವನ್ನೂ ಅನುದಾನ ಬಂದಿದೆಯೇ ಎಂಬುದನ್ನೂ ತಾಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಇನ್ನು ಕಾಗದಪತ್ರ. ಅನೇಕರ ಉತಾರದಲ್ಲಿ ಹೊಲ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿರುತ್ತದೆ. ಬೆಳೆಯ ಕಾಲಮ್ಮಿನಲ್ಲಿ ಗೋವಿನಜೋಳ ಇರುತ್ತದೆ, ತೋಟದ ಸುದ್ದಿಯೇ ಇರುವುದಿಲ್ಲ. ಹುಳು ಬಿದ್ದ ಮೇಲೆ ವಾರಸಾ ಮಾಡಿಸಲು ಹೊರಟರೆ, ಕಾಗದ ಕೈಗೆ ಬರುವ ಹೊತ್ತಿಗೆ ದುಂಬಿ ಹಾರಿಹೋಗಿರುತ್ತದೆ. ಖಾತೆ, ಬೆಳೆ ಸಮೀಕ್ಷೆ, ಫ್ರೂಟ್ಸ್ ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇವನ್ನು ಗಿಡ ಹಸಿರಿರುವಾಗಲೇ ಸರಿಮಾಡಿಕೊಳ್ಳಬೇಕು. ಗಿಡಕ್ಕೆ ಬಣ್ಣದಿಂದ ನಂಬರು ಬರೆದು ಫೋಟೋ ತೆಗೆದಿಡಿ. ಅಧಿಕಾರಿಗಳು ನೋಡುವ ಮೊದಲೇ ಕಡಿದ ಗಿಡವನ್ನು ಲೆಕ್ಕಕ್ಕೆ ಹಿಡಿಸುವುದು ಬಹಳ ಕಷ್ಟ.

ಯಾವುದನ್ನು ಕಡಿಯಬಾರದು ಎಂಬುದೂ ಅಷ್ಟೇ ಮುಖ್ಯ. 2016ರಲ್ಲಿ ಪೊಳ್ಳಾಚಿಯಲ್ಲಿ ಮೊದಲು ಕಂಡು ನಮ್ಮ ರಾಜ್ಯಕ್ಕೂ ಹರಡಿದ ಸುರುಳಿ ಬಿಳಿನೊಣವು ಮಧ್ಯ ಅಮೇರಿಕದ ಮೂಲದ್ದು. ಗರಿಗಳಿಗೆ ಮಸಿ ಬಳಿದಂತೆ ಕಪ್ಪು ಬೂಷ್ಟು ಹಿಡಿದುದನ್ನು ಕಂಡು ಗಿಡ ಸತ್ತಿತೆಂದು ಗಾಬರಿಯಾಗಬೇಡಿ. ಅದರಿಂದ ಗಿಡ ಸಾಯುವುದಿಲ್ಲ. ಎನ್‌ಕಾರ್ಸಿಯಾ ಎಂಬ ಅತಿ ಸಣ್ಣ ಕಣಜವು ಬಿಳಿನೊಣದ ಮರಿಗಳನ್ನು ತಿಂದು ಹತೋಟಿಗೆ ತರುತ್ತದೆ. ವಿಷದ ಔಷಧಿ ಹೊಡೆದರೆ ಮೊದಲು ಸಾಯುವುದು ಈ ಉಪಕಾರಿಯೇ. ಕೆಂಪು ಮೂತಿ ಹುಳುವಿನ ಗುರುತು ಬೇರೆ: ಕಾಂಡದಲ್ಲಿ ತೂತು, ಅದರಿಂದ ಕಂದು ರಸ, ಅಗಿದ ನಾರು, ಕಿವಿಗೊಟ್ಟರೆ ಒಳಗೆ ಕೊರೆಯುವ ಸದ್ದು. ತಲೆ ಮುರಿದು ಬಾಗಿದ ಗಿಡ ಮತ್ತೆ ಚಿಗುರುವುದಿಲ್ಲ.

ಅಡಿಕೆಯ ಮಟ್ಟಿಗೆ ಹುಳು ತಿಂದ ಗಿಡಕ್ಕೆ ಇಷ್ಟು ಎಂದು ಕೊಡುವ ಇಂಥ ದರಪಟ್ಟಿ ಇಲ್ಲ. ಹವಾಮಾನ ಆಧಾರಿತ ವಿಮೆಯು ಮಳೆ, ಉಷ್ಣತೆ, ತೇವಾಂಶದ ಅಳತೆಯ ಮೇಲೆ ಪರಿಹಾರ ಕೊಡುತ್ತದೆಯೇ ಹೊರತು ಬೇರುಹುಳುವಿನ ಮೇಲೆ ಅಲ್ಲ. ಕಾಫಿಯಲ್ಲಿ ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ದುಂಬಿ ಹಾರುವ ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್‌ಗೆ ಮುಂಚೆಯೇ ಕಿತ್ತು ಸುಡುವುದು ಬೆಳೆಗಾರರಿಗೆ ಗೊತ್ತಿದ್ದದ್ದೇ.

ತೆಂಗಿನಲ್ಲಿಯೂ ಕಡಿದು ಕೆಡವಿದಲ್ಲಿಗೆ ಕೆಲಸ ಮುಗಿಯದು. ಬಿದ್ದ ಕಾಂಡದಲ್ಲಿಯೇ ಮರಿಗಳು ಬೆಳೆದು ಹೊರಬರುತ್ತವೆ. ಕೊಳೆತ ಕಾಂಡದಲ್ಲಿ ಸುಳಿ ಕೊರೆಯುವ ರೈನೋಸರಸ್ ದುಂಬಿಯೂ ಮೊಟ್ಟೆಯಿಡುತ್ತದೆ. ಹುಳುವಿದ್ದ ಭಾಗವನ್ನು ಸೀಳಿ, ಗೂಡು ಸಮೇತ ಅಲ್ಲಿಯೇ ಸುಡಬೇಕು. ಗಟ್ಟಿಯಾಗಿರುವ ಬುಡದ ತುಂಡನ್ನು ತೊಲೆಗೆ ಬಳಸಬಹುದು. ಬೇಲಿಗೆಂದು ಹುಳುಕು ಕಾಂಡ ಕೇಳಿಕೊಂಡು ಬರುವ ನೆಂಟರಿಗೆ ಮಾತ್ರ ಕೊಡಬೇಡಿ.