ನಂಜನಗೂಡಿನ ಪಿನ್‌ಕೋಡ್ ಅವಿಭಾಜ್ಯವೇ?

ತಿ. ನರಸೀಪುರದ ಪಿನ್‌ಕೋಡ್ 571124 ಸಮಸಂಖ್ಯೆ. ಅವಿಭಾಜ್ಯವಲ್ಲ ಎನ್ನಲು ಕೊನೆಯ ಅಂಕಿ ನೋಡಿದರೆ ಸಾಕು. ನಂಜನಗೂಡಿನ 571301 ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. 2ರಿಂದ 643ರವರೆಗಿನ 117 ಅವಿಭಾಜ್ಯ ಸಂಖ್ಯೆಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಇಷ್ಟು ಪುರಾವೆ ಸಾಲದೇ ಎಂದು ಕೇಳಬಹುದು. ಸಾಲದು: ಮುಂದಿನ 647 ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. 647 × 883 = 571301. ವರ್ಗಮೂಲ, ಅಂದರೆ ಇಲ್ಲಿ 755ಕ್ಕಿಂತ ತುಸು ಹೆಚ್ಚು, ಮುಟ್ಟುವವರೆಗೂ ಅವಿಭಾಜ್ಯ ಎಂಬ ತೀರ್ಪು ಕೊಡುವಂತಿಲ್ಲ.

ಹಾಗಾದರೆ 2024ರಲ್ಲಿ ಸಿಕ್ಕ 4,10,24,320 ಅಂಕಿಗಳ ಅವಿಭಾಜ್ಯವನ್ನು ನಂಬುವುದು ಹೇಗೆ? ಅದನ್ನು ಹೀಗೆ ಭಾಗಿಸಿ ನೋಡಲು ಯಾವ ಕಂಪ್ಯೂಟರಿಗೂ ಆಗದು, ನಿಜ. ಆದರೆ ಅದು 2ರ 13,62,79,841ನೇ ಘಾತದಿಂದ 1 ಕಳೆದ ಸಂಖ್ಯೆ. ಆ ರೂಪಕ್ಕೆಂದೇ ಲೂಕಾಸ್–ಲೆಹ್ಮರ್ ಪರೀಕ್ಷೆಯಿದೆ. 4ರಿಂದ ಶುರುಮಾಡಿ ವರ್ಗ ಮಾಡು, 2 ಕಳೆ, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊ; ಆ ಶೇಷದ ಮೇಲೆ ಇದನ್ನೇ ಮತ್ತೆ ಮಾಡು. ಘಾತಕ್ಕಿಂತ ಎರಡು ಕಡಿಮೆ ಹಂತಗಳಾದ ಮೇಲೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ.